ಶೇರುದಾರನ ಧರ್ಮ
(ತೂತುಕುಡಿಯ ಸ್ವದೇಶೀ ಹಡಗು ಕಂಪನಿಯ ಕಥೆಯ ಮೇಲಿಂದ ವಾಚನಾಲಯವೊಂದರಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ನನ್ನ ಮಾತಿನ ವಿಷಯವು ಹಣದ್ದು. ಹಣದ ಮಾತೆಂದರೆ ನಮ್ಮ ಸುಶಿಕ್ಷಿತರಲ್ಲಿ ಅನೇಕರು ಮೂಗು ಮುರಿಯುವರು. ಕಾವ್ಯದ ಮೇಲೆ ಭಾಷಣವಾದರೆ ಮಂದಿರವು ತುಂಬುವದು. ಜಮಾಖರ್ಚಿನ ಮೇಲೆ ಎಂದರೆ ಕೆಲವರಿಗೆ ಅಂದೇ ಮನೆಯಲ್ಲಿ ಕೆಲಸ ಹುಟ್ಟುವದು. ಆದರೂ ತಾವು ಇಷ್ಟು ಜನರು ಕೂಡಿದ್ದೀರಿ. ನಿಮ್ಮಲ್ಲಿ ಶಾಲೆಯ ಗುರುಗಳಿದ್ದಾರೆ, ಅಂಗಡಿಕಾರರಿದ್ದಾರೆ, ಪಿಂಚಣಿಯ ಮೇಲೆ ಬಾಳುವ ಹಿರಿಯರಿದ್ದಾರೆ. ಒಂದೆರಡು ಶೇರುಗಳ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟು ಮರೆತವರೂ ನಿಮ್ಮಲ್ಲಿ ಇಲ್ಲದಿಲ್ಲ. ಮುಖ್ಯವಾಗಿ ಅಂಥವರನ್ನು ಕುರಿತೇ ನಾನು ನಾಲ್ಕು ಮಾತು ಹೇಳಬಯಸುತ್ತೇನೆ.

ಪ್ರಶ್ನೆಯು ಇಷ್ಟು: ಹತ್ತು ಜನರು ಕೂಡಿ, ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಹಾಕಿ, ಒಂದು ಚಿಕ್ಕ ಕಂಪನಿಯನ್ನು ಕಟ್ಟುತ್ತಾರೆ. ಮೊದಲ ವರ್ಷ ಉತ್ಸಾಹ. ಎರಡನೆಯ ವರ್ಷ ಅನುಮಾನ. ಮೂರನೆಯ ವರ್ಷ ನಷ್ಟ. ಆಗ ವಾರ್ಷಿಕ ಸಭೆ ಕೂಡುತ್ತದೆ. ಒಬ್ಬನು ಮುಚ್ಚಿರಿ ಎನ್ನುತ್ತಾನೆ, ಇನ್ನೊಬ್ಬನು ಮಾರಿರಿ ಎನ್ನುತ್ತಾನೆ, ಮತ್ತೊಬ್ಬನು ಮತ್ತಷ್ಟು ಹಣ ಹಾಕಿರಿ ಎನ್ನುತ್ತಾನೆ. ಉಳಿದವರು ಸುಮ್ಮನೆ ಕುಳಿತು, ಚಹಾ ಕುಡಿದು, ಮನೆಗೆ ಹೋಗುತ್ತಾರೆ. ಇವರಲ್ಲಿ ಯಾರ ನಡತೆ ಸರಿ? ಕಂಪನಿಯ ಹಣದಲ್ಲಿ ಇಪ್ಪತ್ತೈದು ರೂಪಾಯಿಯ ಪಾಲುಳ್ಳವನಿಗೆ ಅದರ ಅಳಿವು ಉಳಿವಿನ ಹೊಣೆ ಎಷ್ಟರ ಮಟ್ಟಿಗೆ ಇರುವದು?

ಇದನ್ನು ಬರಿಯ ತತ್ತ್ವದ ಮೇಲೆ ಚರ್ಚಿಸಿದರೆ ಗಾಳಿಯಲ್ಲಿ ಗೋಪುರ ಕಟ್ಟಿದಂತಾದೀತು. ಆದುದರಿಂದ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ತಮಿಳುನಾಡಿನ ತೂತುಕುಡಿಯಲ್ಲಿ ೧೯೦೬ರಲ್ಲಿ ಹುಟ್ಟಿ ೧೯೧೧ರಲ್ಲಿ ಅಳಿದ ಸ್ವದೇಶೀ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಕಥೆಯದು. ಅದನ್ನು ಕಟ್ಟಿದವರು ವ. ಉ. ಚಿದಂಬರಂ ಪಿಳ್ಳೆಯವರು. ಅವರು ವಕೀಲರು, ವ್ಯಾಪಾರಿಗಳಲ್ಲ. ಅವರ ಹೆಸರು ದೇಶಭಕ್ತರ ಮಾಲಿಕೆಯಲ್ಲಿ ಬೆಳಗುತ್ತಿರುವದರಿಂದ, ಅವರ ಹಿಂದೆ ನಿಂತ ಶೇರುದಾರರ ಪಾಡನ್ನು ನಾವು ಮರೆತುಬಿಡುತ್ತೇವೆ. ಇಂದು ನಮಗೆ ಬೇಕಾದದ್ದು ಆ ಶೇರುದಾರರ ಪಾಡು.

ಕಥೆಗೆ ಮುಂಚೆ ಕಾಯಿದೆಯ ಮಾತು ಒಂದೆರಡು. ಪೂರ್ವದಲ್ಲಿ ನಮ್ಮ ಸಾಹುಕಾರರು ಕೂಡಿ ವ್ಯಾಪಾರ ಮಾಡಿದರೆ, ವ್ಯಾಪಾರವು ಮುಳುಗಿದಾಗ ಒಬ್ಬೊಬ್ಬನ ಮನೆಮಾರೂ ಮುಳುಗುತ್ತಿದ್ದಿತು. ಸಾಲಗಾರನು ಯಾವ ಪಾಲುದಾರನ ಬಾಗಿಲಿಗಾದರೂ ಬಂದು ನಿಲ್ಲಬಹುದಾಗಿದ್ದಿತು. ೧೮೫೭ರ ಕಾಯಿದೆಯಿಂದ ಹಿಂದುಸ್ಥಾನದಲ್ಲಿ ಮೊದಲು ಪರಿಮಿತ ಹೊಣೆಗಾರಿಕೆಯು ಬಂದಿತು. ಬ್ಯಾಂಕುಗಳಿಗೆ ಅದು ದೊರೆತದ್ದು ೧೮೬೦ರಲ್ಲಿ. ಅಂದಿನಿಂದ ಇಪ್ಪತ್ತೈದು ರೂಪಾಯಿಯ ಶೇರು ಕೊಂಡವನು ಹೆಚ್ಚೆಂದರೆ ಇಪ್ಪತ್ತೈದು ರೂಪಾಯಿ ಕಳೆದುಕೊಂಡಾನು. ಅವನ ಹೊಲಕ್ಕೆ, ಹೆಂಡತಿಯ ತಾಳಿಗೆ ಯಾರೂ ಕೈ ಹಚ್ಚಲಾರರು. ಇದರ ಉಪಕಾರವು ದೊಡ್ಡದು. ಬಡ ಗುರುವೂ ಹಡಗಿನ ಒಡೆಯನಾಗಬಹುದೆಂಬದು ಇದರಿಂದ ಸಾಧ್ಯವಾಯಿತು. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ಇಪ್ಪತ್ತೈದು ರೂಪಾಯಿಗಿಂತ ಹೆಚ್ಚು ಹೋಗುವದಿಲ್ಲವೆಂದು ಬಲ್ಲವನು ಇಪ್ಪತ್ತೈದು ರೂಪಾಯಿಗಿಂತ ಹೆಚ್ಚು ಚಿಂತೆಯನ್ನೂ ಮಾಡುವದಿಲ್ಲ. ಹೊಣೆಯು ಪರಿಮಿತವಾದೊಡನೆ ಮನಸ್ಸೂ ಪರಿಮಿತವಾಗುವದು. ನಮ್ಮ ಚಿಕ್ಕ ಕಂಪನಿಗಳ ರೋಗದ ಮೂಲವು ಬಹುಮಟ್ಟಿಗೆ ಇಲ್ಲಿಯೇ ಇದೆ.

೧೯೦೬ನೆಯ ವರ್ಷವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ವಂಗಭಂಗದ ತರುವಾಯ ಸ್ವದೇಶಿಯ ಗಾಳಿಯು ದೇಶವನ್ನೆಲ್ಲ ಬೀಸುತ್ತಿದ್ದ ಕಾಲವದು. ಅದಕ್ಕೆ ಒಂದು ವರ್ಷ ಮೊದಲು, ೧೯೦೫ರಲ್ಲಿ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೪ರ ಕಾಯಿದೆಯ ಮೇರೆಗೆ ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. ೧೯೦೬ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ನನ್ನು ಸ್ಥಾಪಿಸಿದರು. ಅದರ ಮೂಲಧನ ೫,೦೦೦ ರೂಪಾಯಿ. ಮೊದಲ ದಿನ ಕೂಡಿದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಆರಂಭಿಸಿದರು. ಅದು ೧೯೧೦ರಲ್ಲಿ ಕೆನರಾ ಬ್ಯಾಂಕಾಯಿತು. ಅಕ್ಟೋಬರಿನಲ್ಲಿ ತೂತುಕುಡಿಯ ಹಡಗು ಕಂಪನಿಯು ರಿಜಿಸ್ಟರಾಯಿತು. ಉಡುಪಿ, ಮಂಗಳೂರು, ತೂತುಕುಡಿ ಮೂರೂ ಆಗ ಮದ್ರಾಸು ಇಲಾಖೆಯಲ್ಲಿಯೇ ಇದ್ದವು. ಅದೇ ಅಕ್ಟೋಬರ ತಿಂಗಳಲ್ಲಿ ಮದ್ರಾಸಿನ ದೊಡ್ಡ ಆಂಗ್ಲ ಸಾಹುಕಾರಿ ಮನೆತನವಾದ ಆರ್ಬತ್ನಾಟ್ ಕಂಪನಿಯು ದಿವಾಳಿಯೆದ್ದು, ಸಾವಿರಾರು ಕುಟುಂಬಗಳ ಉಳಿತಾಯವನ್ನು ನುಂಗಿತು. ಬಿಳಿಯರ ಬ್ಯಾಂಕು ಮುಳುಗಲಾರದೆಂಬ ಭ್ರಮೆಯು ಅಂದು ಮುಳುಗಿತು. ನಮ್ಮ ಹಣವನ್ನು ನಾವೇ ಕಾಯಬೇಕೆಂಬ ಬುದ್ಧಿಯು ಹುಟ್ಟಿದ ಕಾಲವದು.

ತೂತುಕುಡಿಗೂ ಸಿಂಹಳದ ಕೊಲಂಬೋಕ್ಕೂ ನಡುವೆ ಜನರ ಹಾಗೂ ಸರಕಿನ ಓಡಾಟವು ಬಹಳ. ಆ ಸಮುದ್ರಮಾರ್ಗವು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಕೈಯಲ್ಲಿದ್ದಿತು. ೧೮೫೬ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ, ಸರಕಾರದ ಟಪಾಲು ಸಾಗಿಸುವ ಗುತ್ತಿಗೆಗಳಿಂದ ಬೆಳೆದು, ನೂರಕ್ಕೂ ಮಿಕ್ಕ ಆಗಬೋಟುಗಳನ್ನು ಓಡಿಸುತ್ತಿದ್ದ ಕಂಪನಿಯದು. ಅದಕ್ಕೆ ಎದುರಾಗಿ ಪಿಳ್ಳೆಯವರು ಕಟ್ಟಿದ ಕಂಪನಿಯ ಬಂಡವಾಳ ೧೦ ಲಕ್ಷ ರೂಪಾಯಿ. ತಲಾ ೨೫ ರೂಪಾಯಿಯ ೪೦,೦೦೦ ಶೇರುಗಳು. ಏಶಿಯದವರಿಗಲ್ಲದೆ ಇತರರಿಗೆ ಶೇರಿಲ್ಲವೆಂಬದು ಅದರ ನಿಯಮ. ಮಧುರೆಯ ತಮಿಳು ಸಂಘದ ಪಾಂಡಿತ್ತುರೈ ತೇವರು ಅದರ ಅಧ್ಯಕ್ಷರು. ಹಾಜಿ ಮಹಮ್ಮದ್ ಬಕೀರ್ ಸೇಟರು ಒಬ್ಬರೇ ೮,೦೦೦ ಶೇರುಗಳನ್ನು, ಎಂದರೆ ೨ ಲಕ್ಷ ರೂಪಾಯಿಯ ಪಾಲನ್ನು ಕೊಂಡರು. ಇಡಿಯ ಬಂಡವಾಳದ ಐದರಲ್ಲೊಂದು ಪಾಲು ಒಬ್ಬರದು. ಉಳಿದದ್ದು ಊರೂರಿನ ಜನರಿಂದ ಕೂಡಬೇಕಾದದ್ದು. ಹಿಂದುವೂ ಮುಸಲ್ಮಾನನೂ ಜಮೀನುದಾರನೂ ಸಣ್ಣ ವ್ಯಾಪಾರಿಯೂ ಒಂದೇ ಹಡಗಿನ ಒಡೆಯರಾದರು.

ಮೊದಲು ಈ ಕಂಪನಿಯು ಬಾಡಿಗೆಯ ಹಡಗುಗಳನ್ನು ಓಡಿಸಿತು. ದೊಡ್ಡ ಕಂಪನಿಯ ಒತ್ತಡಕ್ಕೆ ಸಿಕ್ಕು ಬಾಡಿಗೆ ಕೊಟ್ಟವರು ಹಿಂದೆಗೆದರು. ಬಾಡಿಗೆಯ ಎತ್ತಿನಿಂದ ಬೇಸಾಯ ಮಾಡುವವನ ಗತಿಯಿದು: ಹದ ಬಂದಾಗ ಎತ್ತು ಸಿಗುವದಿಲ್ಲ. ಆಗ ಪಿಳ್ಳೆಯವರು ಮುಂಬಯಿಗೆ ಹೋದರು. ಹಡಗಿನೊಡನೆ ಬರುವೆನು, ಇಲ್ಲವಾದರೆ ಬಾರೆನು ಎಂದು ಹೇಳಿ ಹೋದರೆಂದು ಪ್ರತೀತಿ. ೧೯೦೭ರಲ್ಲಿ ಗಾಲಿಯಾ, ಲಾವೋ ಎಂಬ ಎರಡು ಆಗಬೋಟುಗಳು ಕಂಪನಿಯ ಸ್ವಂತದವಾಗಿ ತೂತುಕುಡಿಗೆ ಬಂದವು. ಒಂದೊಂದರಲ್ಲಿ ಸುಮಾರು ೧,೩೦೦ ಸಾಮಾನ್ಯ ಪ್ರಯಾಣಿಕರಿಗೆ ಸ್ಥಳವಿದ್ದಿತು. ತೂತುಕುಡಿಯ ದಂಡೆಯ ಮೇಲೆ ಅಂದು ಜನರಿಗಾದ ಆನಂದವನ್ನು ಬಣ್ಣಿಸಬೇಕಾಗಿಲ್ಲ. ಆದರೆ ನಾವು ಅಢಾವೆ ಪತ್ರಿಕೆಯನ್ನು ನೋಡಬೇಕಾದವರು. ಜಯಕಾರದ ಶಬ್ದವನ್ನು ಜಮೆಯ ಕಡೆಗೆ ಬರೆಯಲಾಗುವದಿಲ್ಲ.

ದರದ ಯುದ್ಧವು ಆರಂಭವಾಯಿತು. ಬ್ರಿಟಿಷ್ ಕಂಪನಿಯು ಪ್ರಯಾಣದ ದರವನ್ನು ೧ ರೂಪಾಯಿಗೆ ಇಳಿಸಿತು. ಸ್ವದೇಶಿಯವರು ೮ ಆಣೆಗೆ ಇಳಿಸಿದರು. ಆಗ ಬ್ರಿಟಿಷ್ ಕಂಪನಿಯು ಧರ್ಮಾರ್ಥವಾಗಿ ಕರೆದೊಯ್ಯುವೆವೆಂದಿತು. ಮೇಲೆ ಒಂದೊಂದು ಕೊಡೆಯನ್ನೂ ಕೊಡುವೆವೆಂದಿತು. ಸಭಿಕರೇ, ಆ ಕೊಡೆಯು ಯಾರ ತಲೆಗೆ ನೆರಳಾಯಿತು, ಯಾರ ತಲೆಯ ಮೇಲೆ ಮಳೆ ಸುರಿಯಿತು, ಸ್ವಲ್ಪ ಲೆಕ್ಕ ಹಾಕಿರಿ.

ಹಡಗು ಪೂರ್ತಿ ತುಂಬಿತೆಂದೇ ಹಿಡಿಯೋಣ. ೧,೩೦೦ ಜನರಿಂದ ತಲೆಗೆ ೧ ರೂಪಾಯಿಯಂತೆ ಬಂದರೆ ೧,೩೦೦ ರೂಪಾಯಿ. ೮ ಆಣೆಯಾದರೆ ೬೫೦ ರೂಪಾಯಿ. ದರವು ಅರ್ಧಕ್ಕೆ ಇಳಿದೊಡನೆ ಕಲ್ಲಿದ್ದಲು ಅರ್ಧಕ್ಕೆ ಇಳಿಯಿತೇ? ಖಲಾಸಿಗಳ ಸಂಬಳ, ಬಂದರಿನ ತೆರಿಗೆ, ಯಂತ್ರದ ದುರಸ್ತಿ ಇಳಿದವೇ? ಇಲ್ಲ. ಹಡಗು ತುಂಬಿದ್ದರೂ ಬರಿದಾಗಿದ್ದರೂ ಈ ಖರ್ಚುಗಳು ಬಹುಶಃ ಒಂದೇ. ಉತ್ಪನ್ನವು ಕುಗ್ಗುವದು, ಖರ್ಚು ನಿಲ್ಲುವದು. ನಡುವಿನ ಕಂದರವನ್ನು ಬಂಡವಾಳದಿಂದ ತುಂಬಬೇಕಾಗುವದು. ಎದುರಾಳಿಗೂ ನಷ್ಟವಾಗುವದೆಂಬದೇನೋ ನಿಜ. ಆದರೆ ಅವನ ನೂರು ಹಡಗುಗಳಲ್ಲಿ ಒಂದೆರಡು ನಷ್ಟಪಟ್ಟರೆ ಉಳಿದವು ಗಳಿಸಿ ಆ ಹಳ್ಳವನ್ನು ತುಂಬುವವು. ನಮ್ಮವನಿಗೆ ಇದ್ದದ್ದೇ ಎರಡು. ಎರಡೂ ಅದೇ ದಾರಿಯಲ್ಲಿ. ಯಾರ ಹಡಗು ಚೆನ್ನಾದದ್ದು ಎಂಬದು ಇಲ್ಲಿ ಪ್ರಶ್ನೆಯೇ ಅಲ್ಲ; ಯಾರ ಗಂಟು ಉದ್ದವಾದದ್ದು ಎಂಬದೇ ಪ್ರಶ್ನೆ. ಹೀಗೆ ಪ್ರಬಲನು ಎದುರಾಳಿಯನ್ನು ತೆಗೆಯಬೇಕೆಂದು ವೆಚ್ಚಕ್ಕಿಂತ ಕಡಿಮೆ ದರಕ್ಕೆ ಮಾರುವದನ್ನು ೨೦೦೨ರ ನಮ್ಮ ಸ್ಪರ್ಧಾ ಕಾಯಿದೆಯು ನಿಷೇಧಿಸುತ್ತದೆ. ೧೯೦೭ರಲ್ಲಿ ಅಂಥ ಕಾಯಿದೆಯಿರಲಿಲ್ಲ. ಇದ್ದಿದ್ದರೂ ಅದನ್ನು ನಡೆಸಬೇಕಾದ ಸರಕಾರವು ಕೊಡೆಯ ಕಡೆಗೇ ಇದ್ದಿತು. ಸ್ವದೇಶೀ ಹಡಗುಗಳಿಗೆ ಅಧಿಕಾರಿಗಳಿಂದ ಒದಗಿದ ಅಡ್ಡಿಗಳು ಒಂದೆರಡಲ್ಲ.

ಇಂಥ ಹೊತ್ತಿನಲ್ಲಿ ಶೇರುದಾರರ ಮುಂದೆ ಮೂರು ಪಕ್ಷಗಳು ನಿಲ್ಲುತ್ತವೆ. ಯಾವ ಊರಿನ, ಯಾವ ಕಾಲದ ಚಿಕ್ಕ ಕಂಪನಿಯಾದರೂ ಸರಿ, ನಷ್ಟದ ಸಭೆಯಲ್ಲಿ ಕೇಳಿಬರುವ ಮಾತುಗಳು ಇವೇ ಆಗಿರುವದರಿಂದ ಒಂದೊಂದನ್ನೂ ನ್ಯಾಯವಾಗಿ ತೂಗಿ ನೋಡಬೇಕು.

ಮೊದಲನೆಯದು ವ್ಯವಹಾರ ಪಕ್ಷ. ವ್ಯಾಪಾರವನ್ನು ವ್ಯಾಪಾರದಂತೆ ಮಾಡಿರಿ, ದೇಶಕಾರ್ಯವನ್ನು ಇದರೊಳಗೆ ತರಬೇಡಿರಿ ಎಂದು ಇವರ ವಾದ. ಚಿದಂಬರಂ ಪಿಳ್ಳೆಯವರು ರಾಜಕಾರಣದಿಂದ ದೂರವಿರಬೇಕೆಂಬ ಒತ್ತಾಯವು ಕಂಪನಿಯ ಒಳಗಿನವರಿಂದಲೂ ಬಂದಿತು. ಅವರು ಅದಕ್ಕೆ ಒಪ್ಪಲಿಲ್ಲ. ಈ ಪಕ್ಷದವರನ್ನು ಹೇಡಿಗಳೆಂದು ಜರೆಯುವದು ಸುಲಭ. ಆದರೆ ಅವರು ಕೇಳುವದು ಅನ್ಯಾಯವಾದದ್ದೇ? ಇತರರ ಹಣವನ್ನು ಕೈಯಲ್ಲಿಟ್ಟುಕೊಂಡವನು ತನ್ನ ತಲೆಯನ್ನು ಒಡ್ಡುವಷ್ಟು ಸರಾಗವಾಗಿ ಆ ಹಣವನ್ನು ಒಡ್ಡಬಹುದೇ? ವಿಶ್ವಸ್ತನ ಧರ್ಮವು ವೀರನ ಧರ್ಮಕ್ಕಿಂತ ಬೇರೆಯಾದದ್ದು. ಈ ಆಕ್ಷೇಪದಲ್ಲಿ ತಿರುಳಿದೆ. ಆದರೆ ಅದಕ್ಕೆ ಉತ್ತರವೂ ಇದೆ. ಆ ಕಂಪನಿಗೆ ಪ್ರಯಾಣಿಕರು ಬಂದದ್ದು ಯಾತಕ್ಕೆ? ಧರ್ಮಾರ್ಥ ಹಡಗನ್ನು ಬಿಟ್ಟು ೮ ಆಣೆ ಕೊಟ್ಟು ಸ್ವದೇಶೀ ಹಡಗನ್ನು ಏರಿದವನು ಬರಿಯ ಗಿರಾಕಿಯಲ್ಲ. ಸ್ವದೇಶಿಯ ಭಾವನೆಯೇ ಆ ಕಂಪನಿಯ ಕಾಣದ ಬಂಡವಾಳವಾಗಿದ್ದಿತು. ಅದನ್ನು ಕಿತ್ತು ಹಾಕಿದರೆ ಉಳಿಯುವದು ಎರಡು ಹಳೆಯ ಹಡಗು, ಅಷ್ಟೇ.

ಎರಡನೆಯದು ವ್ರತ ಪಕ್ಷ. ಲಾಭನಷ್ಟದ ಮಾತೇ ಬೇಡ, ಇದೊಂದು ಯಜ್ಞ, ಆಹುತಿಯನ್ನು ಎಣಿಸುವವನು ಯಜಮಾನನಲ್ಲ ಎಂದು ಇವರ ವಾದ. ಕೇಳುವದಕ್ಕೆ ರೋಮಾಂಚನವಾಗುವದು. ಆದರೆ ಮಹನೀಯರೇ, ಲೆಕ್ಕ ಕೇಳಬಾರದೆಂಬ ದೇಶಭಕ್ತಿಗೆ ನಾನು ಹೆದರುತ್ತೇನೆ. ಇಂಥ ಮಾತಿನ ಮರೆಯಲ್ಲಿ ಸಜ್ಜನನ ಕಂಪನಿಯೂ ಮುಳುಗುವದು, ಕಳ್ಳನ ಕಂಪನಿಯೂ ಮುಳುಗುವದು. ಯಾವದು ಯಾವದೆಂದು ಕಡೆಗೆ ಗುರುತು ಸಿಗದಂತಾಗುವದು. ಜನರು ಒಂದು ಸಲ ಮೋಸಹೋದೆವೆಂದು ತಿಳಿದರೆ ಮುಂದಿನ ಮೂವತ್ತು ವರ್ಷ ಸ್ವದೇಶಿಯ ಹೆಸರಿಗೆ ಕಾಸು ಬಿಚ್ಚುವದಿಲ್ಲ. ಯಜ್ಞವೇ ಆಗಲಿ, ತುಪ್ಪ ಎಷ್ಟು ಉಳಿದಿದೆಯೆಂದು ನೋಡುವವನೊಬ್ಬನು ಬೇಕು. ಇಲ್ಲವಾದರೆ ಪೂರ್ಣಾಹುತಿಗೆ ಮೊದಲೇ ಬೆಂಕಿಯು ಆರುವದು.

ಮೂರನೆಯದು ವಿಕ್ರಯ ಪಕ್ಷ. ಇನ್ನೂ ಏನಾದರೂ ಉಳಿದಿರುವಾಗಲೇ ಮಾರಿ, ಬಂದಷ್ಟನ್ನು ಹಂಚಿಕೊಂಡು ಹೊರಬೀಳೋಣ ಎಂದು ಇವರ ವಾದ. ಇದರಲ್ಲಿಯೂ ನಾಚಿಕೆಯ ಮಾತೇನಿಲ್ಲ. ಪ್ರಾಮಾಣಿಕವಾಗಿ ಮುಚ್ಚಿದ ಕಂಪನಿಯು ಅಪ್ರಾಮಾಣಿಕವಾಗಿ ನಡೆದ ಕಂಪನಿಗಿಂತ ಮೇಲು. ಆದರೆ ಒಂದು ಪ್ರಶ್ನೆಯನ್ನು ಇವರಿಗೆ ಕೇಳಲೇಬೇಕು: ಕೊಳ್ಳುವವನು ಯಾರು? ಕುರಿಹಟ್ಟಿಯನ್ನು ತೋಳನಿಗೆ ಮಾರಿದರೆ ಬೆಲೆಯು ಚೆನ್ನಾಗಿಯೇ ಬಂದೀತು. ಮರುದಿನ ಮುಂಜಾನೆ ಹಟ್ಟಿಯಲ್ಲಿ ಏನಿರುವದು?

ಈ ಮೂರು ಪಕ್ಷಗಳಲ್ಲಿ ಇತ್ಯರ್ಥವಾಗುವ ಮೊದಲೇ ಸರಕಾರವು ತನ್ನ ಇತ್ಯರ್ಥವನ್ನು ಮಾಡಿಬಿಟ್ಟಿತು. ೧೯೦೮ರ ಫೆಬ್ರುವರಿ ಮಾರ್ಚಿನಲ್ಲಿ ತೂತುಕುಡಿಯ ಕೋರಲ್ ಗಿರಣಿಯ ಕೂಲಿಕಾರರ ಹರತಾಳಕ್ಕೆ ಪಿಳ್ಳೆಯವರೂ ಸುಬ್ರಹ್ಮಣ್ಯ ಶಿವರೂ ಬೆಂಬಲವಾಗಿ ನಿಂತರು. ಮಾರ್ಚ್ ೧೨ರಂದು ಇಬ್ಬರನ್ನೂ ಹಿಡಿದರು. ಮರುದಿನ ತಿರುನೆಲ್ವೇಲಿಯಲ್ಲಿ ದಂಗೆಯೆದ್ದು, ಪೋಲೀಸರ ಗುಂಡಿಗೆ ನಾಲ್ವರು ಬಲಿಯಾದರು. ಜುಲೈಯಲ್ಲಿ ನ್ಯಾಯಾಧೀಶ ಪಿನ್ಹೆಯು ಪಿಳ್ಳೆಯವರಿಗೆ ಎರಡು ಆಜೀವ ದ್ವೀಪಾಂತರಗಳ ಶಿಕ್ಷೆ ವಿಧಿಸಿದನು. ಮೇಲಿನ ಕೋರ್ಟು ಅದನ್ನು ಇಳಿಸಿತು. ಆದರೂ ಕೊಯಮತ್ತೂರು, ಕಣ್ಣಾನೂರು ಸೆರೆಮನೆಗಳಲ್ಲಿ ವರ್ಷಗಳನ್ನು ಕಳೆದು, ಎತ್ತು ಎಳೆಯುವ ಗಾಣವನ್ನು ತಾವೇ ಎಳೆದು, ಅವರು ಹೊರಬಂದದ್ದು ೧೯೧೨ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅವರ ಕಂಪನಿಯು ಇರಲಿಲ್ಲ. ೧೯೧೧ರಲ್ಲಿಯೇ ಅದನ್ನು ಮುಚ್ಚಿದ್ದರು. ಗಾಲಿಯಾ ಹಡಗು ಮಾರಾಟವಾದದ್ದು ಯಾರಿಗೆ? ಕೊಡೆ ಹಂಚಿದ ಅದೇ ಬ್ರಿಟಿಷ್ ಕಂಪನಿಗೆ.

ಸಭಿಕರೇ, ಪಿಳ್ಳೆಯವರು ಸೆರೆಗೆ ಹೋದದ್ದನ್ನು ಕೇಳಿ ನಾವು ದುಃಖಿಸುತ್ತೇವೆ. ಅದರಲ್ಲಿ ಅಭಿಮಾನವೂ ಬೆರೆತಿದೆ. ಆದರೆ ಗಾಲಿಯಾ ಮಾರಾಟವಾದದ್ದನ್ನು ಕೇಳಿದಾಗ ಆಗುವ ದುಃಖದಲ್ಲಿ ಅಭಿಮಾನಕ್ಕೆ ಎಡೆಯಿಲ್ಲ. ವೈರಿಯ ಕೈಯಲ್ಲಿ ಸೆರೆಯಾಗುವದು ಒಂದು. ನಮ್ಮ ವಸ್ತುವನ್ನು ಅವನ ಕೈಗೆ ನಾವೇ ಒಪ್ಪಿಸುವದು ಇನ್ನೊಂದು. ಒಬ್ಬ ಮನುಷ್ಯನು ಸೆರೆಗೆ ಹೋದೊಡನೆ ಕುಸಿಯುವ ಕಂಪನಿಯು ಕಂಪನಿಯೇ ಅಲ್ಲ. ಅದು ಆ ಮನುಷ್ಯನ ಸಂಸಾರ. ಕಂಪನಿಯೆಂಬ ಯುಕ್ತಿಯನ್ನು ಕಂಡುಹಿಡಿದದ್ದೇ ಮನುಷ್ಯನು ಹೋದರೂ ಸಂಸ್ಥೆಯು ಉಳಿಯಲೆಂದು. ಸುಬ್ಬರಾವ್ ಪೈಗಳು ೧೯೦೯ರಲ್ಲಿ, ತಾವು ಕಟ್ಟಿದ ಫಂಡಿಗೆ ಮೂರು ವರ್ಷ ತುಂಬುವದರೊಳಗಾಗಿ ಅಥವಾ ತುಂಬಿದ ಆಸುಪಾಸಿನಲ್ಲಿ, ತೀರಿಕೊಂಡರು. ಫಂಡು ತೀರಲಿಲ್ಲ.

ಹಾಗಾದರೆ ಉಡುಪಿ ಮಂಗಳೂರುಗಳ ಸಂಸ್ಥೆಗಳು ಬದುಕಿದ್ದು ಹೇಗೆ, ತೂತುಕುಡಿಯದು ಅಳಿದದ್ದೇಕೆ? ನಮ್ಮವರು ಜಾಣರು, ಅವರು ಜಾಣರಲ್ಲ ಎಂದು ಬೆನ್ನು ತಟ್ಟಿಕೊಳ್ಳುವದು ಬೇಡ. ಅವರು ಸಾಮ್ರಾಜ್ಯದ ಬಾಲವನ್ನೇ ತುಳಿದರು. ನಮ್ಮವರಿಗೆ ಅಂಥ ಎದುರಾಳಿಯು ಬೀಳಲಿಲ್ಲ. ಆದರೂ ಕಲಿಯತಕ್ಕದ್ದು ಒಂದಿದೆ. ೩೮ ರೂಪಾಯಿಯಿಂದ ಆರಂಭಿಸಿದವನು ಹಾಸಿಗೆ ಇದ್ದಷ್ಟು ಕಾಲು ಚಾಚಿದನು. ಬಂದ ಲಾಭದಲ್ಲಿ ಒಂದು ಭಾಗವನ್ನು ಆಪದ್ಧನವೆಂದು ಬದಿಗಿಟ್ಟು ಬೆಳೆಯುವದು ಬ್ಯಾಂಕಿನ ಧರ್ಮ. ಹಡಗಿನ ಕಂಪನಿಯಾದರೋ ಬಂದ ಬಂಡವಾಳವನ್ನು ಬಹುಮಟ್ಟಿಗೆ ಹಡಗಿನಲ್ಲಿಯೇ ಹೂಡಬೇಕಾಯಿತು. ಕಬ್ಬಿಣವಿದ್ದಿತು, ರೊಕ್ಕವಿರಲಿಲ್ಲ. ದರದ ಯುದ್ಧವನ್ನು ಕಬ್ಬಿಣದಿಂದ ಗೆಲ್ಲಲಾಗುವದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೋದರೆ ಏನಾಗುವದೋ ಅದೇ ಆಯಿತು.

ಈ ಪಾಠವನ್ನು ಮುಂದಿನವರು ಕಲಿತರು. ೧೯೧೯ರಲ್ಲಿ ವಾಲಚಂದ ಹೀರಾಚಂದ, ನರೋತ್ತಮ ಮೊರಾರಜಿ ಮೊದಲಾದವರು ಮುಂಬಯಿಯಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದರು. ಅದರ ಲಾಯಲ್ಟಿ ಎಂಬ ಹಡಗು ೧೯೧೯ರ ಏಪ್ರಿಲ್ ೫ರಂದು ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಮ್ಮ ದೇಶವು ನೌಕಾಯಾನದ ದಿನವೆಂದು ಆಚರಿಸುತ್ತದೆ. ಅವರ ಮೇಲೂ ದರದ ಯುದ್ಧವು ಬಿದ್ದಿತು. ಅಷ್ಟೇ ಅಲ್ಲ, ನಮ್ಮ ಹಡಗಿನಲ್ಲಿಯೇ ಸರಕು ಕಳಿಸುವ ವ್ಯಾಪಾರಿಗೆ ಬಾಡಿಗೆಯ ಒಂದು ಪಾಲನ್ನು ತಿಂಗಳುಗಟ್ಟಲೆ ತಡೆದಿಟ್ಟು ಆಮೇಲೆ ಮರಳಿಸುವೆವು, ನಡುವೆ ಇತರರ ಹಡಗಿಗೆ ಹೋದರೆ ಅದು ಮುಟ್ಟುಗೋಲು ಎಂಬ ಬಲೆಯನ್ನೂ ಬ್ರಿಟಿಷ್ ಕಂಪನಿಗಳು ಒಡ್ಡಿದ್ದವು. ಆದರೆ ಸಿಂಧಿಯಾದ ಗಂಟು ದೊಡ್ಡದಾಗಿದ್ದಿತು. ನಷ್ಟವನ್ನು ತಾಳಿಕೊಂಡು ನಿಂತುದರಿಂದ ೧೯೨೩ರಲ್ಲಿ ಎದುರಾಳಿಯು ಅವರೊಡನೆ ಒಪ್ಪಂದಕ್ಕೆ ಬರಬೇಕಾಯಿತು. ಆ ಒಪ್ಪಂದವು ಅವರ ಬೆಳವಣಿಗೆಗೆ ಮಿತಿ ಹಾಕಿತು, ಸಿಹಿಯಾದದ್ದೇನೂ ಅಲ್ಲ. ಆದರೆ ಬದುಕಿದವನಿಗೆ ಮಾತ್ರ ಒಪ್ಪಂದ ಮಾಡಿಕೊಳ್ಳುವ ಭಾಗ್ಯ.

ಇಷ್ಟರ ಮೇಲಿಂದ, ನಷ್ಟದಲ್ಲಿರುವ ಕಂಪನಿಯ ಸಭೆಗೆ ಹೋಗುವ ಪ್ರತಿಯೊಬ್ಬ ಶೇರುದಾರನೂ ಕೇಳತಕ್ಕ ನಾಲ್ಕು ಪ್ರಶ್ನೆಗಳನ್ನು ಹೇಳುತ್ತೇನೆ. ಇವುಗಳನ್ನು ಕೇಳಲು ವಕೀಲನಾಗಬೇಕಾಗಿಲ್ಲ.

ಒಂದು: ಈ ನಷ್ಟವು ನಮ್ಮ ಮೈಗಳ್ಳತನದಿಂದ ಬಂದದ್ದೋ, ಎದುರಾಳಿಯ ಏಟಿನಿಂದ ಬಂದದ್ದೋ? ಮೊದಲನೆಯದಾದರೆ ಹಣ ಹಾಕುವ ಮುಂಚೆ ಮನುಷ್ಯರನ್ನು ಬದಲಿಸಬೇಕು. ಎರಡನೆಯದಾದರೆ ಮನುಷ್ಯರನ್ನು ಬೈಯುವ ಮುಂಚೆ ಹಣದ ವಿಚಾರ ಮಾಡಬೇಕು. ಎರಡು: ಕೈಯಲ್ಲಿರುವ ರೊಕ್ಕವು ಎಷ್ಟು ತಿಂಗಳಿಗೆ ಸಾಲುವದು? ಆಸ್ತಿಯೆಷ್ಟಿದೆ ಎಂದಲ್ಲ, ರೊಕ್ಕವೆಷ್ಟಿದೆ ಎಂದು ಕೇಳಿರಿ. ಮೂರು: ಮತ್ತೆ ಹಣ ಹಾಕಿರೆನ್ನುವ ಡೈರೆಕ್ಟರರು ತಾವೆಷ್ಟು ಹಾಕುತ್ತಾರೆ? ೧೯೨೪ರಲ್ಲಿ ಟಾಟಾ ಉಕ್ಕಿನ ಕಂಪನಿಯು ಸಂಕಟದಲ್ಲಿದ್ದಾಗ ದೊರಾಬಜಿ ಟಾಟಾ ಅವರು ತಮ್ಮ ಸ್ವಂತ ಆಸ್ತಿಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟರು. ಆಮೇಲೆ ಶೇರುದಾರರನ್ನು ತಾಳ್ಮೆಯಿಂದಿರಿ ಎನ್ನಲು ಅವರಿಗೆ ಬಾಯಿ ಬಂದಿತು. ನಾಲ್ಕು: ಮಾರುವದಾದರೆ ಯಾರ ಕೈಗೆ, ಮುಚ್ಚುವದಾದರೆ ಯಾರ ಬಾಕಿಯನ್ನು ಮೊದಲು ತೀರಿಸಿ? ಈ ಕಡೆಯ ಮಾತಿನಲ್ಲಿ ಕಾಯಿದೆಯು ಸ್ಪಷ್ಟವಾಗಿದೆ. ೨೦೧೬ರ ದಿವಾಳಿ ಸಂಹಿತೆಯಂತೆ ಕಂಪನಿಯನ್ನು ಮುಚ್ಚಿದಾಗ ಆ ಕಾರ್ಯದ ವೆಚ್ಚ, ಕೆಲಸಗಾರರ ಬಾಕಿ, ಭದ್ರತೆಯುಳ್ಳ ಸಾಲ ಇವು ಮುಂದು, ಶೇರುದಾರನು ಕಟ್ಟಕಡೆಗೆ. ಪಂಕ್ತಿಯಲ್ಲಿ ಕಡೆಗೆ ಕೂಡುವವನೇ ಅಡಿಗೆಮನೆಯ ಕಡೆಗೆ ಮೊದಲು ಕಣ್ಣಿಡಬೇಕು.

ನಾವು ಸಣ್ಣವರು, ನಮ್ಮ ಮಾತನ್ನು ಯಾರು ಕೇಳುವರು ಎಂದು ಕೆಲವರು ಹೇಳಬಹುದು. ಸಹಕಾರಿ ಸಂಘದಲ್ಲಿ ಮನುಷ್ಯನಿಗೊಂದು ಮತ. ಕಂಪನಿಯಲ್ಲಿ ಶೇರಿಗೊಂದು ಮತ. ೮,೦೦೦ ಶೇರಿನವನೆದುರು ಒಂದು ಶೇರಿನವನು ಒಬ್ಬನೇ ನಿಂತರೆ ಗಾಳಿಗೆ ಹಿಡಿದ ದೀಪವೇ ಸರಿ. ಆದರೆ ಹತ್ತು ಮಂದಿಯ ಕಡ್ಡಿ ಒಬ್ಬನ ಹೊರೆ. ೨೦೧೩ರ ಕಂಪನಿ ಕಾಯಿದೆಯಂತೆ ಸಭೆಗೆ ೨೧ ದಿನ ಮುಂಚೆ ನೋಟೀಸು ಬರಬೇಕು, ತನಿಖೆಯಾದ ಲೆಕ್ಕಪತ್ರಗಳು ದೊರೆಯಬೇಕು. ಮತವುಳ್ಳ ಬಂಡವಾಳದ ಹತ್ತರಲ್ಲೊಂದು ಪಾಲುಳ್ಳವರು ಕೂಡಿ ಬರೆದುಕೊಟ್ಟರೆ ವಿಶೇಷ ಸಭೆಯನ್ನು ಕರೆಯಲೇಬೇಕು; ಡೈರೆಕ್ಟರರು ಕರೆಯದಿದ್ದರೆ ಕೇಳಿದವರೇ ಕರೆಯಬಹುದು. ವಿಶೇಷ ನಿರ್ಣಯಕ್ಕೆ ಬಿದ್ದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಕು. ಎಂದರೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಮತಗಳು ಒಟ್ಟಾಗಿ ಬೇಡ ಎಂದರೆ ಅಂಥ ನಿರ್ಣಯವು ನಿಲ್ಲುವದು. ಈ ಆಯುಧಗಳು ನಮ್ಮ ಮನೆಯ ಪೆಟ್ಟಿಗೆಯ ತಳದಲ್ಲಿಯೇ ಇವೆ. ತುಕ್ಕು ಹಿಡಿದಿವೆ, ಅಷ್ಟೇ.

ಇನ್ನು ನಮ್ಮ ನಾಡಿನ ಮಾತು. ಐದಾರು ಆಡಳಿತಗಳ ನಡುವೆ ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ರ ನವೆಂಬರ್ ೧ರಂದು ಒಂದಾಯಿತು. ಮುಂಬಯಿ ಕರ್ನಾಟಕ, ಹೈದರಾಬಾದ ಕರ್ನಾಟಕ, ಮದ್ರಾಸಿನ ಕನ್ನಡ ಜಿಲ್ಲೆಗಳು, ಕೊಡಗು, ಮೈಸೂರು ತಮ್ಮ ತಮ್ಮ ಪಾಲನ್ನು ತಂದು ಒಂದೇ ಗಂಟಿಗೆ ಹಾಕಿದವು. ಏಕೀಕರಣವೆಂಬದೂ ಒಂದು ಬಗೆಯಲ್ಲಿ ಶೇರು ಕೂಡಿಸುವ ಕೆಲಸವೇ. ಅದನ್ನು ಕೂಡಿಸಿದವರು ಮುಗಿಯಿತೆಂದು ಮನೆಗೆ ಹೋಗಲಾಗದು. ನೋಡಿರಿ: ಮೈಸೂರು ಬ್ಯಾಂಕು ೨೦೧೭ರಲ್ಲಿ, ವಿಜಯಾ ಬ್ಯಾಂಕು ೨೦೧೯ರಲ್ಲಿ, ೩೮ ರೂಪಾಯಿಯಿಂದ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ೨೦೨೦ರಲ್ಲಿ ಹೊರನಾಡಿನ ದೊಡ್ಡ ಬ್ಯಾಂಕುಗಳಲ್ಲಿ ಸೇರಿ, ಅವುಗಳ ಹೆಸರುಗಳು ಅಳಿದವು. ಅವುಗಳಲ್ಲಿ ಹೆಚ್ಚಿನ ಪಾಲು ಬಹುಕಾಲದಿಂದ ನಮ್ಮ ಕೈಯಲ್ಲಿರಲಿಲ್ಲವಾದುದರಿಂದ ನಮ್ಮ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಲಿಲ್ಲ. ಠೇವುಗಳು ಸುರಕ್ಷಿತವಾಗಿವೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಟ್ಟಿದವರ ಹೆಸರೂ ತೀರ್ಮಾನದ ಅಧಿಕಾರವೂ ಊರು ಬಿಟ್ಟು ಹೋದವು. ಪಾಲು ಕೈಯಲ್ಲಿರುವಾಗ ಮಾತಾಡದವನು, ಪಾಲು ಹೋದ ಮೇಲೆ ಅತ್ತು ಫಲವಿಲ್ಲ.

ಆದುದರಿಂದ ನನ್ನ ಬಿನ್ನಹವು ಇಷ್ಟೇ. ನಮ್ಮ ಊರುಗಳಲ್ಲಿ ಇಂದೂ ಚಿಕ್ಕ ಚಿಕ್ಕ ಸಂಸ್ಥೆಗಳಿವೆ: ಛಾಪಖಾನೆ, ಪತ್ತಿನ ಸಂಘ, ಎಣ್ಣೆಯ ಗಿರಣಿ, ನೇಕಾರರ ಕೂಟ. ಅವುಗಳಲ್ಲಿ ಕೆಲವು ನಷ್ಟದಲ್ಲಿವೆ. ಎಲ್ಲವನ್ನೂ ಉಳಿಸಿರೆಂದು ನಾನು ಹೇಳುವದಿಲ್ಲ; ಉಳಿಯಲಾರದ್ದನ್ನು ಎಳೆಯುವದು ದಯೆಯಲ್ಲ. ಮುಚ್ಚುವದಾದರೆ ಕೆಲಸಗಾರನ ಕೂಲಿಯನ್ನು ಮೊದಲು ಕೊಟ್ಟು, ಲೆಕ್ಕವನ್ನು ಬಯಲಿಗಿಟ್ಟು, ತಲೆಯೆತ್ತಿ ಮುಚ್ಚಿರಿ. ಉಳಿಸುವದಾದರೆ ಬರಿಯ ಅಭಿಮಾನದಿಂದಲ್ಲ, ಆಪದ್ಧನವನ್ನು ಕೂಡಿಸಿ ಉಳಿಸಿರಿ. ಯಾವದನ್ನು ಮಾಡಿದರೂ ಸಭೆಗೆ ಹೋಗಿ, ಲೆಕ್ಕವನ್ನು ಓದಿ, ಪ್ರಶ್ನೆ ಕೇಳಿ, ಕೈಯೆತ್ತಿ ಮಾಡಿರಿ. ತೂತುಕುಡಿಯ ಬಂದರಕ್ಕೆ ೨೦೧೧ರಲ್ಲಿ ಚಿದಂಬರನಾರರ ಹೆಸರನ್ನಿಟ್ಟರು. ಅದು ಯೋಗ್ಯವಾದದ್ದೇ. ಆದರೆ ಆ ಮಹಾನುಭಾವನು ಬಯಸಿದ್ದು ದಂಡೆಗೆ ತನ್ನ ಹೆಸರನ್ನಲ್ಲ; ನೀರಿನ ಮೇಲೆ ನಮ್ಮ ಹಡಗನ್ನು.